ಕನ್ನಡದ ವಾಕ್ಯವನ್ನು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ತಿದ್ದಿಕೊಳ್ಳುವುದು ಹೇಗೆ?

ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಕಚೇರಿ, ಕಾರ್ಖಾನೆ, ಅಂಗಡಿಗಳಲ್ಲಿ ಕೆಲಸಕ್ಕೆ ಸೇರಿದವರು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳಿಗೆ ಲೆಕ್ಕವೇ ಇಲ್ಲ ಎಂಬ ಭಾವನೆ ಅವರಲ್ಲೂ ಇದೆ, ಅವರನ್ನು ತಿದ್ದುವವರಲ್ಲೂ ಇದೆ. ವಿಜಯನಗರದಲ್ಲಿ ಸಂಜೆಯ ತರಗತಿ ನಡೆಸುತ್ತ ನಾನು ಕಂಡದ್ದು ಬೇರೆ. ಹಾಸನದಿಂದ ಬಂದವರಿರಲಿ, ಕೊಪ್ಪಳದಿಂದ ಬಂದವರಿರಲಿ, ಇದೇ ಊರಿನ ಸುಂಕದಕಟ್ಟೆಯಲ್ಲಿ ಹುಟ್ಟಿ ಬೆಳೆದವರಿರಲಿ, ಎಲ್ಲರೂ ಎಡವುವುದು ಹೆಚ್ಚುಕಡಿಮೆ ಅದೇ ಏಳೆಂಟು ಜಾಗಗಳಲ್ಲಿ. ಅಂಥ ಪ್ರತಿಯೊಂದು ಜಾಗದಲ್ಲೂ ಕನ್ನಡದ ಒಂದು ನಿಯಮ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿರುತ್ತದೆ. ಕನ್ನಡದ ವ್ಯಾಕರಣ ರಕ್ತಗತವಾಗಿರುವವರು ಅದನ್ನೇ ಇಂಗ್ಲಿಷಿಗೂ ಅನ್ವಯಿಸಿದಾಗ ತಪ್ಪು ಹುಟ್ಟುತ್ತದೆ. ಆದ್ದರಿಂದ ‘ಇಂಗ್ಲಿಷ್ ಬರಬೇಕಾದರೆ ಕನ್ನಡವನ್ನು ಮರೆತು ಇಂಗ್ಲಿಷಿನಲ್ಲೇ ಯೋಚಿಸಿ’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕನ್ನಡದ ವಾಕ್ಯವನ್ನು ಪಕ್ಕದಲ್ಲೇ ಇಟ್ಟುಕೊಂಡು, ಎರಡು ಭಾಷೆಗಳ ದಾರಿ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಬೇಗ ತಿದ್ದಿಕೊಳ್ಳುತ್ತಾರೆ. ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಒಂದು ಲಾಂಗ್ ನೋಟ್‌ಬುಕ್ ತಂದಿಟ್ಟುಕೊಳ್ಳಿ. ಎಡಪುಟದಲ್ಲಿ ನೀವು ಹೇಳಬೇಕೆಂದಿದ್ದ ಮಾತನ್ನು ಕನ್ನಡದಲ್ಲಿ, ಮನೆಯಲ್ಲಿ ಆಡುವ ಹಾಗೆಯೇ ಬರೆಯಿರಿ. ಬಲಪುಟದಲ್ಲಿ ನೀವು ನಿಜವಾಗಿ ಆಡಿದ ಅಥವಾ ಮೇಲ್‌ನಲ್ಲಿ ಬರೆದ ಇಂಗ್ಲಿಷ್ ವಾಕ್ಯವನ್ನೂ ಅದರ ಕೆಳಗೆ ಸರಿಯಾದ ರೂಪವನ್ನೂ ಬರೆಯಿರಿ. ಎಲ್ಲ ತಪ್ಪುಗಳನ್ನೂ ಬರೆಯುವ ಅಗತ್ಯವಿಲ್ಲ. ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಕಲಿಯುವವರ ತಪ್ಪುಗಳನ್ನು ಎರಡಾಗಿ ವಿಂಗಡಿಸಿದರು. ದಣಿವು, ಅವಸರ, ಗಾಬರಿಗಳಿಂದ ಬಾಯ್ತಪ್ಪಿ ಬರುವವು ಒಂದು ಬಗೆ. ಕಲಿಯುವವರ ಮನಸ್ಸಿನಲ್ಲಿರುವ ನಿಯಮವೇ ಬೇರೆಯಾಗಿರುವುದರಿಂದ ಪ್ರತಿ ಸಲವೂ ಅದೇ ರೀತಿಯಲ್ಲಿ ಬರುವವು ಇನ್ನೊಂದು ಬಗೆ. ಮೊದಲನೆಯದನ್ನು ಬಿಟ್ಟುಬಿಡಿ, ಅದು ಇಂಗ್ಲಿಷ್ ಮನೆಮಾತಾಗಿರುವವರಿಗೂ ಆಗುತ್ತದೆ. ಎರಡನೆಯದು ಮಾತ್ರ ನೋಟ್‌ಬುಕ್ಕಿಗೆ ಹೋಗಲಿ. ಕೆಲವು ವಾರ ಹೀಗೆ ಬರೆದರೆ ಎಡಪುಟದಲ್ಲಿ ಅದೇ ಪ್ರತ್ಯಯ, ಅದೇ ಕ್ರಿಯಾಪದದ ರೂಪ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ನಿಮ್ಮ ಗಮನಕ್ಕೇ ಬರುತ್ತದೆ.

ಕಾಲವನ್ನು ಹೇಳುವ ‘ಇಂದ’

ನನ್ನ ತರಗತಿಯಲ್ಲಿ ಅತಿ ಹೆಚ್ಚು ಕೇಳಿಬರುವ ವಾಕ್ಯ ಇದು: ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್.’ ಎಡಪುಟದಲ್ಲಿ ಇದರ ಕನ್ನಡ ಹೀಗಿರುತ್ತದೆ: ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡ್ತಾ ಇದ್ದೀನಿ.’ ಕನ್ನಡದಲ್ಲಿ ‘2019ರಿಂದ’ ಎಂದರೂ ‘ಐದು ವರ್ಷದಿಂದ’ ಎಂದರೂ ಬರುವುದು ಅದೇ ‘ಇಂದ’. ಇಂಗ್ಲಿಷ್ ಇವೆರಡನ್ನು ಬೇರ್ಪಡಿಸುತ್ತದೆ. ಕೆಲಸ ಯಾವಾಗ ಆರಂಭವಾಯಿತು ಎಂದು ಹೇಳುವಾಗ ‘ಸಿನ್ಸ್’, ಎಷ್ಟು ಕಾಲ ನಡೆದಿದೆ ಎಂದು ಹೇಳುವಾಗ ‘ಫಾರ್’. ಅನುಮಾನ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಬಹುದೇ? ಬೆಳಿಗ್ಗೆಯಿಂದ, ಸೋಮವಾರದಿಂದ, ಯುಗಾದಿಯಿಂದ, ಕೆಲಸಕ್ಕೆ ಸೇರಿದಾಗಿನಿಂದ ಎಂಬುವನ್ನೆಲ್ಲ ತೋರಿಸಬಹುದು, ಅಲ್ಲೆಲ್ಲ ‘ಸಿನ್ಸ್’. ಮೂರು ದಿನದಿಂದ, ಎರಡು ಗಂಟೆಯಿಂದ ಕಾಯುತ್ತಿದ್ದೇನೆ, ಬಹಳ ಹೊತ್ತಿನಿಂದ ಎಂಬುವು ಕಾಲದ ಉದ್ದವನ್ನು ಹೇಳುತ್ತವೆ, ಅಲ್ಲಿ ‘ಫಾರ್’. ‘ಎರಡು ಗಂಟೆಯಿಂದ’ ಎಂಬುದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ ಎಂಬುದನ್ನೂ ಗಮನಿಸಿ. ಮಧ್ಯಾಹ್ನ ಎರಡಕ್ಕೆ ಬಂದು ಕುಳಿತವರ ಮಾತಾದರೆ ‘ಸಿನ್ಸ್ ಟೂ ಓ ಕ್ಲಾಕ್’, ಎರಡು ತಾಸು ಕಾದವರ ಮಾತಾದರೆ ‘ಫಾರ್ ಟೂ ಅವರ್ಸ್’.

ಆ ವಾಕ್ಯದ ಇನ್ನೊಂದು ತೊಡಕು ಕ್ರಿಯಾಪದದಲ್ಲಿದೆ. ಈಗಷ್ಟೇ ಮಾಡುತ್ತಿರುವ ಕೆಲಸಕ್ಕೂ ಐದು ವರ್ಷದಿಂದ ಮಾಡುತ್ತ ಬಂದಿರುವ ಕೆಲಸಕ್ಕೂ ಕನ್ನಡಕ್ಕೆ ‘ಮಾಡುತ್ತಿದ್ದೇನೆ’ ಎಂಬ ಒಂದೇ ರೂಪ ಸಾಕು. ಇಂಗ್ಲಿಷಿಗೆ ಸಾಲದು. ಕನ್ನಡ ವಾಕ್ಯದಲ್ಲಿ ಕಾಲವನ್ನು ಹೇಳುವ ‘ಇಂದ’ ಇದ್ದು, ಆ ಕೆಲಸ ಇನ್ನೂ ನಡೆಯುತ್ತಿದ್ದರೆ, ‘ಆ್ಯಮ್’, ‘ಈಸ್’, ‘ಆರ್’ ಬರುವ ಜಾಗದಲ್ಲಿ ‘ಹ್ಯಾವ್ ಬೀನ್’ ಅಥವಾ ‘ಹ್ಯಾಸ್ ಬೀನ್’ ಬರಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್.’ ಸಂದರ್ಶನಗಳಲ್ಲಿ ನಿಮ್ಮ ಅನುಭವವನ್ನು ಹೇಳುವ ವಾಕ್ಯವೇ ಇದಾದ್ದರಿಂದ ಬೇರೆಲ್ಲಕ್ಕಿಂತ ಮೊದಲು ಇದನ್ನು ಸರಿಪಡಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

‘ಐ ಆ್ಯಮ್ ಹ್ಯಾವಿಂಗ್ ಟೂ ಚಿಲ್ಡ್ರನ್’, ‘ಐ ಆ್ಯಮ್ ನೋಯಿಂಗ್ ಕನ್ನಡ’ ಎಂಬ ಬಗೆಯ ವಾಕ್ಯಗಳ ವಿಷಯದಲ್ಲಿ ಕನ್ನಡವೇ ನಿಮ್ಮ ನೆರವಿಗೆ ಬರುತ್ತದೆ. ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ನನಗೆ ಕನ್ನಡ ಗೊತ್ತು’, ‘ನನಗೆ ರಜೆ ಬೇಕು’, ‘ನನಗೆ ಈ ಬಣ್ಣ ಇಷ್ಟ’ ಎನ್ನುತ್ತೇವೆ. ಈ ಯಾವ ವಾಕ್ಯದಲ್ಲೂ ‘ಉತ್ತಾ ಇದೆ’ ಎಂಬ ರೂಪವಿಲ್ಲ. ಇಂಗ್ಲಿಷಿನಲ್ಲಿಯೂ ಇವಕ್ಕೆ ‘ಇಂಗ್’ ಸೇರುವುದಿಲ್ಲ: ‘ಐ ಹ್ಯಾವ್’, ‘ಐ ನೋ’, ‘ಐ ವಾಂಟ್’, ‘ಐ ಲೈಕ್’. ಅದೇ ‘ಊಟ ಮಾಡ್ತಾ ಇದ್ದೀನಿ’ ಎಂಬುದರಲ್ಲಿ ಕ್ರಿಯೆ ನಡೆಯುತ್ತಿದೆ, ಹಾಗಾಗಿ ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಎಂಬುದು ಸರಿಯೇ.

‘ಡಿಡ್’ ಬಂದಾಗ ಕ್ರಿಯಾಪದಕ್ಕೆ ಏನಾಗುತ್ತದೆ?

‘ಐ ಡಿಡಂಟ್ ರಿಸೀವ್ಡ್’, ‘ಡಿಡ್ ಯೂ ವೆಂಟ್’ ಎಂಬುವು ಕಚೇರಿಯ ಮೇಲ್‌ಗಳಲ್ಲಿ ದಿನವೂ ಕಾಣುತ್ತವೆ. ‘ಡಿಡ್ ನಂತರ ಫಸ್ಟ್ ಫಾರ್ಮ್’ ಎಂಬ ಸೂತ್ರವನ್ನು ಎಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತಾರೆ, ಆದರೆ ಮಾತಾಡುವಾಗ ಅದು ನೆರವಿಗೆ ಬರುವುದಿಲ್ಲ. ನನ್ನ ತರಗತಿಯಲ್ಲಿ ನಾನು ಆ ಸೂತ್ರವನ್ನು ಬಿಟ್ಟು ಕನ್ನಡದ ನಿಷೇಧರೂಪಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಬಂದರು, ಬರಲಿಲ್ಲ. ಕೊಟ್ಟರು, ಕೊಡಲಿಲ್ಲ. ತಿಂದರು, ತಿನ್ನಲಿಲ್ಲ. ‘ಇಲ್ಲ’ ಸೇರಿದ ಕೂಡಲೇ ‘ಬಂದ’, ‘ಕೊಟ್ಟ’, ‘ತಿಂದ’ ಎಂಬ ಭೂತಕಾಲದ ರೂಪಗಳು ಮಾಯವಾಗಿ ಬರು, ಕೊಡು, ತಿನ್ನು ಎಂಬ ಮೂಲ ಧಾತುಗಳು ಹೊರಬಂದಿರುವುದನ್ನು ನೋಡಿ. ‘ಕೇಮ್’ ಎಂಬುದು ‘ಡಿಡಂಟ್ ಕಮ್’ ಆಗುವುದೂ ಹೀಗೆಯೇ. ‘ಬಂದಲಿಲ್ಲ’ ಎಂದು ಯಾವ ಕನ್ನಡಿಗರೂ ಹೇಳುವುದಿಲ್ಲ; ‘ಡಿಡಂಟ್ ಕೇಮ್’ ಎಂಬುದು ಕಿವಿಗೆ ಅಷ್ಟೇ ಒರಟಾಗಿ ಕೇಳಿಸತೊಡಗಿದರೆ ಕೆಲಸ ಮುಗಿದಂತೆ.

ಇದೇ ಜೋಡಿಯಲ್ಲಿ ಇನ್ನೊಂದು ಸೊಗಸಿದೆ. ಕನ್ನಡದಲ್ಲಿ ‘ಬರಲಿಲ್ಲ’ ಬೇರೆ, ‘ಬಂದಿಲ್ಲ’ ಬೇರೆ. ‘ನಿನ್ನೆ ಬಿಲ್ ಬರಲಿಲ್ಲ’ ಎಂದರೆ ಆ ಮಾತು ನಿನ್ನೆಗೆ ಮುಗಿಯಿತು. ‘ಬಿಲ್ ಇನ್ನೂ ಬಂದಿಲ್ಲ’ ಎಂದರೆ ಈ ಹೊತ್ತಿನ ಸ್ಥಿತಿ. ಮೊದಲನೆಯದು ‘ದ ಬಿಲ್ ಡಿಡಂಟ್ ಕಮ್ ಯೆಸ್ಟರ್‌ಡೇ’, ಎರಡನೆಯದು ‘ದ ಬಿಲ್ ಹ್ಯಾಸಂಟ್ ಕಮ್ ಯೆಟ್’. ‘ಕೊಡಲಿಲ್ಲ’ ಎಂಬುದು ‘ಡಿಡಂಟ್ ಗಿವ್’, ‘ಕೊಟ್ಟಿಲ್ಲ’ ಎಂಬುದು ‘ಹ್ಯಾಸಂಟ್ ಗಿವನ್’. ಪ್ರೆಸೆಂಟ್ ಪರ್ಫೆಕ್ಟ್ ಎಂಬ ಹೆಸರು ಕೇಳಿದರೆ ಹೆದರುವವರು ಈ ವ್ಯತ್ಯಾಸವನ್ನು ಮನೆಯಲ್ಲಿ ದಿನವೂ ತಪ್ಪಿಲ್ಲದೆ ಬಳಸುತ್ತಿರುತ್ತಾರೆ. ಪ್ರಶ್ನೆಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ‘ಬಂದಿರಾ?’ ಎಂಬಲ್ಲಿ ಕನ್ನಡ ಭೂತಕಾಲದ ರೂಪವನ್ನು ಉಳಿಸಿಕೊಳ್ಳುತ್ತದೆ, ಇಂಗ್ಲಿಷ್ ‘ಡಿಡ್ ಯೂ ಕಮ್?’ ಎಂದು ಅಲ್ಲಿಯೂ ಬಿಟ್ಟುಕೊಡುತ್ತದೆ.

ಪ್ರಶ್ನೆಯೊಳಗಿನ ಪದಕ್ರಮ

ಕನ್ನಡದಲ್ಲಿ ಪ್ರಶ್ನೆ ಕೇಳಲು ಪದಗಳ ಜಾಗ ಬದಲಿಸಬೇಕಾಗಿಲ್ಲ. ಅದರಿಂದಾಗಿ ‘ವೇರ್ ಯೂ ಆರ್ ಗೋಯಿಂಗ್?’, ‘ವೈ ಹಿ ಈಸ್ ಲೇಟ್?’ ಎಂಬ ರೂಪಗಳು ಬರುತ್ತವೆ. ನೇರ ಪ್ರಶ್ನೆಯಲ್ಲಿ ‘ಆರ್’, ‘ಈಸ್’ ಮುಂದೆ ಬರಬೇಕು: ‘ವೇರ್ ಆರ್ ಯೂ ಗೋಯಿಂಗ್?’ ಇದನ್ನು ಕಷ್ಟಪಟ್ಟು ಕಲಿತವರು ಆಮೇಲೆ ಇನ್ನೊಂದು ಬದಿಗೆ ವಾಲುತ್ತಾರೆ. ‘ಕ್ಯಾನ್ ಯೂ ಟೆಲ್ ಮಿ ವೇರ್ ಈಸ್ ದ ಮೆಟ್ರೊ ಸ್ಟೇಷನ್?’ ಎಂದು ಕೇಳುತ್ತಾರೆ. ಇದಕ್ಕೆ ಕನ್ನಡದ ‘ಅಂತ’ ಒಳ್ಳೆಯ ಗುರುತು. ‘ಮೆಟ್ರೊ ಸ್ಟೇಷನ್ ಎಲ್ಲಿದೆ ಅಂತ ಹೇಳ್ತೀರಾ?’ ಎಂಬಲ್ಲಿ ಒಂದು ಪ್ರಶ್ನೆ ‘ಅಂತ’ ಎಂಬುದಕ್ಕೆ ಸೇರಿ ಇನ್ನೊಂದು ವಾಕ್ಯದ ಒಳಗೆ ಹೋಗಿದೆ. ಹಾಗೆ ಒಳಗೆ ಹೋದ ಪ್ರಶ್ನೆಯಲ್ಲಿ ಪದಕ್ರಮ ಸಾದಾ ವಾಕ್ಯದ ಹಾಗೆಯೇ ಇರಬೇಕು: ‘ಕ್ಯಾನ್ ಯೂ ಟೆಲ್ ಮಿ ವೇರ್ ದ ಮೆಟ್ರೊ ಸ್ಟೇಷನ್ ಈಸ್?’ ‘ಗೊತ್ತಿಲ್ಲ’, ‘ಕೇಳಿದರು’, ‘ತಿಳಿಸಿ’ ಎಂಬುವುಗಳ ಹಿಂದೆ ‘ಅಂತ’ ಬಂದಾಗಲೆಲ್ಲ ಇದನ್ನು ನೆನೆಯಿರಿ.

‘ಅಲ್ಲವೇ’ ಎಂಬುದನ್ನು ಕನ್ನಡ ಯಾವ ವಾಕ್ಯದ ಕೊನೆಗಾದರೂ ಸೇರಿಸಬಹುದು. ಇಂಗ್ಲಿಷಿನಲ್ಲಿ ‘ಯೂ ಆರ್ ಕಮಿಂಗ್’ ಎಂಬುದಕ್ಕೆ ‘ಆರಂಟ್ ಯೂ’, ‘ಹಿ ಕೇಮ್’ ಎಂಬುದಕ್ಕೆ ‘ಡಿಡಂಟ್ ಹಿ’ ಎಂದು ಪ್ರತಿ ವಾಕ್ಯಕ್ಕೂ ಬೇರೆ ಬಾಲ ಬೇಕು. ಮಾತಿನ ಓಟದಲ್ಲಿ ಇದು ಕಷ್ಟವೆನಿಸಿದರೆ ‘ರೈಟ್?’ ಎಂದು ಕೇಳಿ ಮುಂದೆ ಹೋಗಿ; ಅದು ಎಲ್ಲದಕ್ಕೂ ಹೊಂದುತ್ತದೆ.

ಆರ್ಟಿಕಲ್‌ಗಳು

‘ಎ’, ‘ಆ್ಯನ್’, ‘ದ’ ಎಂಬುವುಗಳಿಗೆ ಕನ್ನಡದಲ್ಲಿ ನೇರ ಸಮಾನವಿಲ್ಲ. ಆದರೂ ಅವು ಮಾಡುವ ಕೆಲಸವನ್ನು ಕನ್ನಡ ಬೇರೆ ರೀತಿಯಲ್ಲಿ ಮಾಡುತ್ತದೆ. ‘ಪುಸ್ತಕ ಕೊಂಡೆ’ ಎಂದಾಗ ಯಾವುದೋ ಒಂದು ಪುಸ್ತಕ. ‘ಪುಸ್ತಕವನ್ನು ಹಿಂದಿರುಗಿಸಿದೆ’ ಎಂದಾಗ ಕೇಳುವವರಿಗೂ ಗೊತ್ತಿರುವ ಆ ಪುಸ್ತಕ. ವಸ್ತುಗಳ ವಿಷಯದಲ್ಲಿ ದ್ವಿತೀಯಾ ವಿಭಕ್ತಿಯ ‘ಅನ್ನು’ ಇಲ್ಲದ ಕಡೆ ಬಹುಮಟ್ಟಿಗೆ ‘ಎ’ ಎಂದೂ, ‘ಅನ್ನು’ ಇರುವ ಕಡೆ ‘ದ’ ಎಂದೂ ಹಾಕಿ ನೋಡಿ: ‘ಐ ಬಾಟ್ ಎ ಬುಕ್’, ‘ಐ ರಿಟರ್ನ್ಡ್ ದ ಬುಕ್’. ಎಲ್ಲ ವಾಕ್ಯಗಳಿಗೂ ಇದು ಅನ್ವಯಿಸದು, ಆದರೆ ಸುಮ್ಮನೆ ಊಹಿಸುವುದಕ್ಕಿಂತ ಎಷ್ಟೋ ವಾಸಿ.

‘ಎ’ ಮತ್ತು ‘ಆ್ಯನ್’ ನಡುವಿನ ಆಯ್ಕೆ ಉಚ್ಚಾರಣೆಯನ್ನು ಅವಲಂಬಿಸಿದೆ, ಕಾಗುಣಿತವನ್ನಲ್ಲ. ಮುಂದಿನ ಪದವನ್ನು ಕನ್ನಡದಲ್ಲಿ ಬರೆದು ನೋಡಿದರೆ ಬಹುಮಟ್ಟಿಗೆ ಅನುಮಾನ ಉಳಿಯುವುದಿಲ್ಲ, ಏಕೆಂದರೆ ಕನ್ನಡ ಲಿಪಿ ಕೇಳಿದ್ದನ್ನೇ ಬರೆಯುತ್ತದೆ. ಎಸ್.ಎಸ್.ಎಲ್.ಸಿ., ಎಂ.ಎಲ್.ಎ., ಅವರ್ ಎಂಬುವು ಸ್ವರದಿಂದ ಆರಂಭವಾಗುತ್ತವೆ, ಅಲ್ಲಿ ‘ಆ್ಯನ್’. ಬಿ.ಎಂ.ಟಿ.ಸಿ., ಯೂನಿವರ್ಸಿಟಿ, ಯು.ಪಿ.ಎಸ್.ಸಿ. ಎಂಬುವು ವ್ಯಂಜನದಿಂದ ಆರಂಭವಾಗುತ್ತವೆ; ಅಲ್ಲಿ ‘ಎ’. ಇಂಗ್ಲಿಷ್ ಅಕ್ಷರಗಳನ್ನು ನೋಡಿ ಗೊಂದಲಕ್ಕೊಳಗಾಗುವವರಿಗೆ ಇದು ನಾನು ಹೇಳಿಕೊಡುವ ಅತ್ಯಂತ ಸುಲಭವಾದ ಉಪಾಯ.

ವಿಭಕ್ತಿ ಮತ್ತು ವಚನ

ಪ್ರಿಪೊಸಿಷನ್‌ಗಳಿಗೆ ಅಡ್ಡದಾರಿ ಇಲ್ಲ, ಕ್ರಿಯಾಪದದ ಜೊತೆಗೇ ಕಲಿಯಬೇಕು. ಹೆಚ್ಚು ಬಳಕೆಯಾಗುವ ಕೆಲವನ್ನು ಹೇಳುತ್ತೇನೆ. ‘ಬಗ್ಗೆ ಚರ್ಚಿಸಿದೆವು’ ಎಂಬುದರಿಂದ ‘ಡಿಸ್ಕಸ್ಡ್ ಅಬೌಟ್’ ಬರುತ್ತದೆ. ‘ಡಿಸ್ಕಸ್’ ಎಂಬುದಕ್ಕೆ ‘ಅಬೌಟ್’ ಬೇಡ. ‘ನನ್ನ ಮೇಲೆ ಕೋಪ’ ಎಂಬುದು ‘ಆ್ಯಂಗ್ರಿ ವಿತ್ ಮಿ’, ‘ಅವರ ಜೊತೆ ಮದುವೆ’ ಎಂಬುದು ‘ಮ್ಯಾರೀಡ್ ಟು’. ‘ಗೆ’ ಪ್ರತ್ಯಯದ ವಿಷಯದಲ್ಲಿ ‘ಟೆಲ್’ ಮತ್ತು ‘ಆಸ್ಕ್’ ಎಂಬುವಕ್ಕೆ ‘ಟು’ ಬೇಡ, ‘ಸೇ’ ಮತ್ತು ‘ಎಕ್ಸ್‌ಪ್ಲೇನ್’ ಎಂಬುವಕ್ಕೆ ಬೇಕು: ‘ಹಿ ಟೋಲ್ಡ್ ಮಿ’, ‘ಹಿ ಎಕ್ಸ್‌ಪ್ಲೇನ್ಡ್ ಇಟ್ ಟು ಮಿ’. ‘ರಿಟರ್ನ್’ ಎಂದ ಮೇಲೆ ‘ಬ್ಯಾಕ್’ ಸೇರಿಸಬೇಡಿ.

ವಚನದಲ್ಲಿ ಎರಡು ಮಾತು. ‘ಒನ್ ಆಫ್ ಮೈ ಫ್ರೆಂಡ್’ ಎನ್ನುವವರು ಕನ್ನಡದಲ್ಲಿ ‘ನನ್ನ ಸ್ನೇಹಿತರಲ್ಲಿ ಒಬ್ಬರು’ ಎಂದು ಸರಿಯಾಗಿಯೇ ಬಹುವಚನ ಹಾಕುತ್ತಾರೆ. ಅದನ್ನೇ ಉಳಿಸಿಕೊಂಡು ‘ಫ್ರೆಂಡ್ಸ್’ ಎಂದರಾಯಿತು. ಗೌರವದ ಬಹುವಚನ ಮಾತ್ರ ಇಂಗ್ಲಿಷಿಗೆ ದಾಟುವುದಿಲ್ಲ. ‘ಅಪ್ಪ ಬಂದಿದ್ದಾರೆ’ ಎಂಬುದು ‘ಮೈ ಫಾದರ್ ಹ್ಯಾವ್ ಕಮ್’ ಆಗದೆ ‘ಹ್ಯಾಸ್ ಕಮ್’ ಎಂದೇ ಆಗಬೇಕು. ಅದರಿಂದ ಅಪ್ಪನಿಗೆ ಅಗೌರವವಾಗುವುದಿಲ್ಲ. ಫರ್ನಿಚರ್, ಲಗೇಜ್, ಇನ್‌ಫರ್ಮೇಷನ್, ಎಕ್ವಿಪ್‌ಮೆಂಟ್, ಅಡ್ವೈಸ್ ಎಂಬುವಕ್ಕೆ ಬಹುವಚನದ ‘ಎಸ್’ ಹತ್ತುವುದಿಲ್ಲ.

ತಿದ್ದಬೇಕಾಗಿಲ್ಲದವು

ಎಲ್ಲವನ್ನೂ ತಪ್ಪೆಂದು ಭಾವಿಸಿ ಕುಗ್ಗುವ ಅಗತ್ಯವಿಲ್ಲ. ‘ಪ್ರಿಪೋನ್’ ಎಂಬುದು ಭಾರತೀಯ ಇಂಗ್ಲಿಷಿನ ಪದವಾಗಿ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ‘ಔಟ್ ಆಫ್ ಸ್ಟೇಷನ್’, ‘ಕಸಿನ್ ಬ್ರದರ್’ ಎಂಬುವು ಈ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತವೆ. ಹೊರದೇಶದ ಗ್ರಾಹಕರಿಗೆ ಬರೆಯುವಾಗ ಮಾತ್ರ ಬದಲಿಸಿದರೆ ಸಾಕು. ‘ಇಲ್ಲೇ ಇದ್ದೀನಿ’ ಎಂಬುದರಿಂದ ಬಂದ ‘ಐ ಆ್ಯಮ್ ಹಿಯರ್ ಓನ್ಲಿ’, ‘ಸಣ್ಣ ಸಣ್ಣ’ ಎಂಬುದರಿಂದ ಬಂದ ‘ಸ್ಮಾಲ್ ಸ್ಮಾಲ್’ ಎಂಬುವನ್ನು ಬರಹದಲ್ಲಿ ಬಿಡಿ, ಸ್ನೇಹಿತರ ಜೊತೆಗಿನ ಮಾತಿನಲ್ಲಿ ಇರಲಿ. ಇನ್ನು ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಬಾರದೆಂದು ಯಾರಾದರೂ ನಿಮ್ಮನ್ನು ತಿದ್ದಿದರೆ ತಲೆ ಕೆಡಿಸಿಕೊಳ್ಳಬೇಡಿ. ಕವಿ ಜಾನ್ ಡ್ರೈಡನ್ 1672ರಲ್ಲಿ ಅಂಥ ಬಳಕೆಯನ್ನು ಆಕ್ಷೇಪಿಸಿದ್ದರು. ಇಂಗ್ಲಿಷ್ ಆಡುವವರು ಅಂದೂ ಇಂದೂ ಹಾಗೆಯೇ ಮಾತಾಡುತ್ತಿದ್ದಾರೆ.

ತಿದ್ದಿಸಿಕೊಳ್ಳುವ ಮತ್ತು ತಿದ್ದುವ ರೀತಿ

ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷ್ ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಅದಕ್ಕೂ ಮೊದಲು ಶಾಲೆಗೆ ಸೇರಿದವರು ಐದನೆಯ ತರಗತಿಯಲ್ಲಿ ಅಕ್ಷರ ತಿದ್ದಲು ಆರಂಭಿಸಿದವರು. ಅವರ ಇಂಗ್ಲಿಷಿನ ಬಹುಪಾಲು ತಿದ್ದುಪಡಿ ಕೆಲಸಕ್ಕೆ ಸೇರಿದ ಮೇಲೆ, ಹತ್ತು ಜನರೆದುರಿಗೆ ನಡೆಯುತ್ತದೆ. ನನ್ನ ತರಗತಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದರು. ‘ಐ ಡಿಡಂಟ್ ರಿಸೀವ್ಡ್ ದ ಬಿಲ್’ ಎಂದು ಅವರು ಬರೆದ ಮೇಲ್ ಅನ್ನು ಮೇಲಧಿಕಾರಿಯೊಬ್ಬರು ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿ, ‘ರಿಸೀವ್ಡ್’ ಎಂಬಲ್ಲಿ ನಿಲ್ಲಿಸಿ, ಸುತ್ತ ನೋಡಿದರಂತೆ. ಅಂದಿನಿಂದ ಅವರು ತಮ್ಮ ಮೇಲ್‌ಗಳನ್ನೆಲ್ಲ ಪಕ್ಕದ ಟೇಬಲ್ಲಿನ ಸಹೋದ್ಯೋಗಿಯಿಂದ ಬರೆಸತೊಡಗಿದರು. ನನ್ನ ಬಳಿ ಬಂದಾಗ ಅವರಿಗೆ ಆ ಮೀಟಿಂಗಿನಲ್ಲಿ ಯಾರು ಎಲ್ಲಿ ಕುಳಿತಿದ್ದರು ಎಂಬುದು ನೆನಪಿತ್ತು, ವಾಕ್ಯದಲ್ಲಿ ತಪ್ಪೇನಿತ್ತು ಎಂಬುದು ಇನ್ನೂ ತಿಳಿದಿರಲಿಲ್ಲ. ಬೋರ್ಡಿನ ಮೇಲೆ ‘ಬಂದರು, ಬರಲಿಲ್ಲ’ ಎಂದು ಬರೆದು ತೋರಿಸಿದ್ದಕ್ಕೆ, ‘ಇಷ್ಟೇನಾ ಸರ್?’ ಎಂದು ಕೇಳಿದರು.

ನಾನು ಪ್ರೌಢಶಾಲೆಯಲ್ಲಿದ್ದಾಗ ನಮಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಮೇಷ್ಟರು ತಪ್ಪಿದ್ದ ಸಾಲಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದರು, ಅಷ್ಟೇ. ಕೆಂಪು ಶಾಯಿ ಬಳಸುತ್ತಿರಲಿಲ್ಲ, ಸರಿಯಾದ ರೂಪವನ್ನೂ ಬರೆಯುತ್ತಿರಲಿಲ್ಲ. ಆ ಸಾಲಿನಲ್ಲಿ ತಪ್ಪೆಲ್ಲಿದೆ ಎಂಬುದನ್ನು ನಾವೇ ಹುಡುಕಿ ತಿದ್ದಿ ತಂದರೆ ಚುಕ್ಕೆಯನ್ನು ಅಳಿಸಿ ಕಳೆದಿದ್ದ ಅಂಕವನ್ನು ಮರಳಿ ಕೊಡುತ್ತಿದ್ದರು. ಆ ಪದ್ಧತಿಯ ಹಿಂದೆ ಎಷ್ಟು ತಿಳಿವಳಿಕೆ ಇತ್ತೆಂಬುದು ನನಗೆ ಸ್ಪಷ್ಟವಾದದ್ದು ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಅವರು 1997ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದಾಗ. ಕೆನಡಾದ ಫ್ರೆಂಚ್ ತರಗತಿಗಳನ್ನು ಗಮನಿಸಿದ ಅವರು, ಶಿಕ್ಷಕರು ಹೆಚ್ಚಾಗಿ ಮಕ್ಕಳ ತಪ್ಪು ವಾಕ್ಯವನ್ನು ತಾವೇ ಸರಿಪಡಿಸಿ ಮತ್ತೊಮ್ಮೆ ಹೇಳಿಬಿಡುತ್ತಾರೆ, ಆದರೆ ಮಕ್ಕಳು ಅದನ್ನು ಗಮನಿಸಿ ತಿದ್ದಿಕೊಳ್ಳುವುದು ಕಡಿಮೆ ಎಂಬುದನ್ನು ಕಂಡುಕೊಂಡರು. ತಪ್ಪಿನತ್ತ ಸುಳಿವು ಕೊಟ್ಟು, ಸರಿಯಾದ ರೂಪವನ್ನು ಮಕ್ಕಳ ಬಾಯಿಂದಲೇ ಹೊರಡಿಸಿದ ಕಡೆ ಫಲ ಹೆಚ್ಚಿತ್ತು.

ಆದ್ದರಿಂದ ನೀವು ಯಾರನ್ನಾದರೂ ತಿದ್ದುವವರಾದರೆ, ಮಾತು ಮುಗಿಯುವವರೆಗೆ ಕಾಯಿರಿ, ಒಬ್ಬರೇ ಇರುವಾಗ ಹೇಳಿ, ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು ಎತ್ತಿಕೊಳ್ಳಿ, ಮತ್ತು ಸಾಧ್ಯವಾದರೆ ‘ಡಿಡ್ ಇದೆಯಲ್ಲ, ಇನ್ನೊಮ್ಮೆ ನೋಡಿ’ ಎಂದಷ್ಟೇ ಹೇಳಿ ಬಿಡಿ. ಮಕ್ಕಳ ವಿಷಯದಲ್ಲಿ ತಂದೆತಾಯಿಗಳು ಇದನ್ನು ವಿಶೇಷವಾಗಿ ಪಾಲಿಸಬೇಕು; ನೆಂಟರ ಮುಂದೆ ತಿದ್ದಿಸಿಕೊಂಡ ಮಗು ಮುಂದಿನ ಸಲ ಬಾಯಿಯನ್ನೇ ತೆರೆಯುವುದಿಲ್ಲ.

ನೀವು ತಿದ್ದಿಸಿಕೊಳ್ಳಬೇಕಾದವರಾದರೆ, ನಿಮಗೆ ನಂಬಿಕೆಯಿರುವ ಒಬ್ಬ ಸಹೋದ್ಯೋಗಿಯನ್ನು ಆರಿಸಿಕೊಳ್ಳಿ. ‘ನನ್ನ ಇಂಗ್ಲಿಷ್ ತಿದ್ದಿ’ ಎಂದು ಕೇಳಿದರೆ ಅವರಿಗೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯದು. ಈ ತಿಂಗಳು ‘ಸಿನ್ಸ್’ ಮತ್ತು ‘ಫಾರ್’ ಮಾತ್ರ ನೋಡಿ ಎಂದು ಕೇಳಿ. ಮುಂದಿನ ತಿಂಗಳು ‘ಡಿಡ್’. ಅವರು ಗುರುತಿಸಿದ್ದನ್ನು ಅಂದೇ ನೋಟ್‌ಬುಕ್ಕಿನ ಬಲಪುಟಕ್ಕೆ ಇಳಿಸಿ. ಅಭ್ಯಾಸದ ಪುಸ್ತಕ ಬೇಕೆಂದರೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಕೊಳ್ಳುವಾಗ ಕೊನೆಯಲ್ಲಿ ಉತ್ತರಗಳಿರುವುದನ್ನೂ, ಹಿಂದೆ ಓದಿದವರು ಉತ್ತರಗಳನ್ನು ತುಂಬಿಸಿಲ್ಲದಿರುವುದನ್ನೂ ನೋಡಿಕೊಳ್ಳಿ. ಒಂದು ಬಗೆಯ ತಪ್ಪು ಸತತವಾಗಿ ಎರಡು ವಾರ ಬಲಪುಟದಲ್ಲಿ ಕಾಣಿಸದಿದ್ದರೆ ಎಡಪುಟದ ಆ ವಾಕ್ಯಗಳ ಮೇಲೆ ಒಂದು ಗೆರೆ ಎಳೆದು ಮುಂದಿನದನ್ನು ಎತ್ತಿಕೊಳ್ಳಿ.